ಆಂಗ್ಲರ ಯವಸುರೆಯ ಉತ್ಸವ

ಆಂಗ್ಲದೇಶದ ಊರೂರುಗಳಲ್ಲಿ ಜವೆಗೋದಿಯಿಂದ ಬೀರೆಂಬ ಯವಸುರೆಯನ್ನು ಮಾಡುವ ಕಸುಬು ಬಹು ಪ್ರಾಚೀನವಾದುದು. ಪೀಪಾಯಿಯನ್ನು ಸೇರಿದ ಬಳಿಕವೂ ಹುದುಗುತ್ತಲಿರುವುದೇ ಅದರ ಜೀವಲಕ್ಷಣ. 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಅನೇಕ ಸಣ್ಣ ಕಾರ್ಖಾನೆಗಳನ್ನು ಕೊಂಡುಕೊಂಡು, ಸೋಸಿ, ಕಾಯಿಸಿ, ಇಂಗಾಲಾಮ್ಲ ವಾಯುವನ್ನು ತುಂಬಿದ ಪಾನವನ್ನೇ ಎಲ್ಲೆಡೆ ಹರಡಿದುವು. ಇದನ್ನು ಸಹಿಸದೆ 1971ರಲ್ಲಿ ನಾಲ್ವರು ಮಿತ್ರರು ‘ಕಾಮ್ರಾ’ ಎಂಬ ಸಂಘವನ್ನು ಸ್ಥಾಪಿಸಿದರು. ಅದು 1975ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ನಡೆಸಿದ ಉತ್ಸವಕ್ಕೆ ಸಹಸ್ರಾರು ಜನರು ನೆರೆದು, ನಾನಾ ಪ್ರಾಂತಗಳ ಬೀರುಗಳನ್ನು ರುಚಿನೋಡಿದರು. 1977ರಲ್ಲಿ ‘ಗ್ರೇಟ್ ಬ್ರಿಟಿಷ್ ಬೀರ್ ಫೆಸ್ಟಿವಲ್’ ಎಂಬ ಮಹೋತ್ಸವವು ಆರಂಭವಾಯಿತು. ಪಾನದ ಗುಣದೋಷವಿಚಾರವು ಬೇರೆ. ಕುಶಲಿಯೊಬ್ಬನಿಂದಲೇ ಕಸುಬು ಉಳಿಯದು. ರುಚಿಭೇದವನ್ನರಿತು ಕೇಳುವ ಜನರೂ ಬೇಕೆಂಬುದಕ್ಕೆ ಈ ಚರಿತ್ರೆಯೇ ಸಾಕ್ಷಿಯಾಗಿದೆ.