ತಳ್ಳಿಕೊಂಡು ಹೋದ ಕಿಲೋಮೀಟರುಗಳೂ ಮೀಟರಿನಲ್ಲಿವೆ



ಹಳೇ ಜಾವಾ ಗಾಡಿಯ ಸ್ಪೀಡೋಮೀಟರ್ ರಿಪೇರಿ ಬಗ್ಗೆ ಇಷ್ಟುದ್ದ ಬರೆಯೋದಾ ಅಂತ ಕೆಲವರಿಗೆ ಅನ್ನಿಸಬಹುದು. ಮೀಟರ್ ಬಿಚ್ಚಿಸಿದವರಿಗೆಲ್ಲ ಕೊನೆಗೆ ಒಂದು ಪ್ರಶ್ನೆ ಎದುರಾಗುತ್ತೆ: ಕಿಲೋಮೀಟರ್ ಅಂಕಿಗಳನ್ನು ಇದ್ದ ಹಾಗೇ ಬಿಡೋದಾ, ಸೊನ್ನೆಗೆ ತಿರುಗಿಸೋದಾ? ವಿಂಟೇಜ್ ಗಾಡಿ ಇಟ್ಟಿರೋ ಬಹಳ ಜನ ಸೊನ್ನೆ ಮಾಡಿಸ್ತಾರೆ. ಗಾಡಿ ಹೊಸದರ ಹಾಗೆ ಕಾಣಬೇಕಲ್ಲ. ನಾನು ಬೇಡ ಅಂದೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಚರಿತ್ರೆ ಬೇಕು.

ಗಾಡಿ ನಮ್ಮ ದೊಡ್ಡಪ್ಪನದು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮಾಡುತ್ತಿದ್ದ 250 ಸಿಸಿ ಗಾಡಿ. ಕಿಕ್ ಹೊಡೆಯೋ ಲಿವರ್ರೇ ಗೇರ್ ಲಿವರ್ರೂ ಆಗೋದು ಇದರ ವಿಶೇಷ. 1973ರಲ್ಲಿ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಅಂತ ಹೆಸರು ಬಂತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಆ 1973 ಅಂದ್ರೆ ನಮ್ಮವರಿಗೆ ಬೇರೇನೇ ನೆನಪಾಗುತ್ತೆ. ಅದೇ ಮೈಸೂರು, ನವೆಂಬರ್ ತಿಂಗಳು, ಬಸವಲಿಂಗಪ್ಪನವರ ಮಾತು, ಬೂಸಾ ಗಲಾಟೆ. ದೊಡ್ಡಪ್ಪ ಆಗ ಅಲ್ಲೇ ಓದುತ್ತಿದ್ದರು. ಆಮೇಲೆ ಮೇಷ್ಟ್ರ ಕೆಲಸ ಸಿಕ್ಕಿ, 1976ರಲ್ಲಿ ಈ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕಂತು ಕಟ್ಟಿ ತಗೊಂಡರು. ನಂಜನಗೂಡು ತಾಲ್ಲೂಕಿನ ನಮ್ಮ ಕೇರಿಗೆ ಬಂದ ಮೊದಲ ಮೋಟಾರು ಗಾಡಿ ಅದು. ಬೆಳಗ್ಗೆ ಸ್ಕೂಲು, ಸಾಯಂಕಾಲ ದಸಂಸ ಕೆಲಸ, ರಾತ್ರಿ ಹನ್ನೊಂದಕ್ಕೆ ಮನೆ.

ಬಹಳ ವರ್ಷ ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿಯನ್ನು ನಾನು ಮತ್ತೆ ರಸ್ತೆಗೆ ಇಳಿಸಿದಾಗ ಇಂಜಿನ್ ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ಮೀಟರ್ರು. ಮುಳ್ಳು 40ಕ್ಕೂ 80ಕ್ಕೂ ನಡುವೆ ಕುಣಿಯೋದು, ಆಮೇಲೆ ಒಂದೇ ಸಲ ಮೇಲಕ್ಕೆ ನೆಗೆದು ಅಲ್ಲೇ ಕಚ್ಚಿಕೊಳ್ಳೋದು. ಕೆಳಗಿನ ಅಂಕಿಗಳು 61482ರಲ್ಲಿ ಅರ್ಧ ತಿರುಗಿ ನಿಂತುಬಿಟ್ಟಿದ್ದವು.

ಈ ಮೀಟರ್ ಕೆಲಸ ಮಾಡೋ ರೀತಿ ನೂರು ವರ್ಷಕ್ಕೂ ಹಳೇದು. ಬರ್ಲಿನ್ನಿನಲ್ಲಿ ಓಟ್ಟೊ ಶುಲ್ಜೆ ಅನ್ನೋ ಇಂಜಿನಿಯರ್ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಚಕ್ರ ಉರುಳಿದ ಲೆಕ್ಕಕ್ಕೆ ಒಂದು ತಂತಿಯ ಕೇಬಲ್ ತಿರುಗುತ್ತೆ. ಅದು ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತೆ. ಅಯಸ್ಕಾಂತದ ಸುತ್ತ ಅಲ್ಯೂಮಿನಿಯಂ ಬಟ್ಟಲು, ಬಟ್ಟಲಿಗೆ ಮುಳ್ಳು. ಬಟ್ಟಲಿಗೂ ಅಯಸ್ಕಾಂತಕ್ಕೂ ಮುಟ್ಟಾಟ ಇಲ್ಲ! (ನಗಬೇಡಿ.) ಆದ್ರೂ ತಿರುಗೋ ಅಯಸ್ಕಾಂತದಿಂದ ಬಟ್ಟಲಿನಲ್ಲಿ ವಿದ್ಯುತ್ತು ಹುಟ್ಟಿ, ಅದು ಬಟ್ಟಲನ್ನು ತನ್ನ ಜೊತೆ ಎಳೆಯುತ್ತೆ. ಕೂದಲೆಳೆಯಂಥ ಒಂದು ಸುರುಳಿ ಸ್ಪ್ರಿಂಗು ವಾಪಸ್ ಎಳೆಯುತ್ತೆ. ಈ ಎರಡು ಎಳೆತ ಸಮ ಆದ ಜಾಗದಲ್ಲಿ ಮುಳ್ಳು ನಿಲ್ಲುತ್ತೆ.

ಮೈಸೂರಿನಲ್ಲಿ ಹಳೇ ಮೀಟರ್ ನೋಡೋ ಭಾಯ್ ಒಬ್ಬರಿದ್ದಾರೆ. ಮೊದಲು ಕೇಬಲ್ ಎಳೆದು ನೋಡಿದರು. ಒಣಗಿ ತುಕ್ಕು ಹಿಡಿದಿತ್ತು, ಒಂದು ಕಡೆ ಎಳೆಗಳು ಬಿಚ್ಚಿಕೊಂಡು ಒಳಗೇ ತರೀತಾ ಇದ್ದವು. ಮುಳ್ಳು ಕುಣೀತಿದ್ದುದು ಅದಕ್ಕೆ. ಒಳತಂತಿ ಬೇರೆ ಹಾಕಿದರು. ಆಮೇಲೆ ಮೀಟರಿನ ಅಂಚಿನ ಬಳೆಯನ್ನು ಸುತ್ತಲೂ ಒಂದೊಂದು ಚೂರೇ ಎತ್ತಿ ಗಾಜು ತೆಗೆದರು. ಒಳಗೆ ನೋಡಿದ್ರೆ, ಯಾವ ಕಾಲದಲ್ಲೋ ಕೇಬಲ್ಲಿಗೆ ತುಂಬಿದ ಗ್ರೀಸು ಹತ್ತಿಕೊಂಡು ಬಂದು, ಅಯಸ್ಕಾಂತ ಮತ್ತು ಬಟ್ಟಲಿನ ನಡುವೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಕೂತಿದೆ. ಮುಟ್ಟಬಾರದ ಎರಡು ಅಂಟಿಕೊಂಡರೆ ಮುಳ್ಳು ಮೇಲಕ್ಕೆ ನೆಗೆಯದೆ ಇನ್ನೇನು ಮಾಡುತ್ತೆ? ಬ್ರಷ್ಷಿನಲ್ಲಿ ಒಂಚೂರು ಒಂಚೂರೇ ತೊಳೆದರು. ಸುರುಳಿ ಸ್ಪ್ರಿಂಗಿಗೆ ಮಾತ್ರ ಕೈ ಹಚ್ಚಲಿಲ್ಲ. ಅದು ಸೊಟ್ಟಗಾದ್ರೆ ಮೀಟರ್ ಕಥೆ ಮುಗೀತು. ಅಂಕಿ ತಿರುಗಿಸೋ ಹಲ್ಲಿನ ಚಕ್ರಗಳು ಒಣಗಿ ಕಚ್ಚಿಕೊಂಡಿದ್ದವು, ಒಂದು ಹನಿ ಎಣ್ಣೆಗೇ ಬಿಟ್ಟವು.

ಆಗ ಭಾಯ್ ಕೇಳಿದ್ದು: "ಹೆಂಗೂ ಬಿಚ್ಚಿದೀನಿ, ಝೀರೋ ಮಾಡ್ಬಿಡ್ಲಾ ಸಾರ್?"

ಮುಳ್ಳು ಮತ್ತು ಅಂಕಿ ಒಂದೇ ಡಬ್ಬಿಯಲ್ಲಿದ್ರೂ ಎರಡರ ಕೆಲಸ ಬೇರೆ ಬೇರೆ. ಅಯಸ್ಕಾಂತ ಮುಪ್ಪಾದ್ರೆ ಮುಳ್ಳು ಕಮ್ಮಿ ತೋರಿಸುತ್ತೆ. ನಮ್ಮದೂ ಹಾಗೇ. ಮುಳ್ಳು 60ರಲ್ಲಿ ನಿಲ್ಲಿಸಿ ಒಂದು ಕಿಲೋಮೀಟರ್ ಕಲ್ಲಿಂದ ಇನ್ನೊಂದು ಕಲ್ಲಿಗೆ ಓಡಿಸಿ ನೋಡಿದೆ. ಸರಿಯಾಗಿದ್ರೆ 60 ಸೆಕೆಂಡ್ ಹಿಡೀಬೇಕು, ನನಗೆ 55 ಹಿಡೀತು. ಅಂದ್ರೆ ಗಾಡಿ 65ರ ಮೇಲಿದೆ. ಆದರೆ ಅಂಕಿಗಳಿಗೆ ಅಯಸ್ಕಾಂತದ ಹಂಗಿಲ್ಲ. ಅಲ್ಲಿ ಹಲ್ಲಿಗೆ ಹಲ್ಲು ಕೂತಿರುತ್ತೆ. ಇಂಜಿನ್ ಆನ್ ಇರಲಿ ಆಫ್ ಆಗಿರಲಿ, ಚಕ್ರ ಉರುಳಿದ್ರೆ ಸಾಕು, ದೂರ ದಾಖಲಾಗುತ್ತೆ. ಮೇಲೆ ಕೂತು ಓಡಿಸಿದ್ದಾ, ಪಕ್ಕದಲ್ಲಿ ನಡೆದು ತಳ್ಳಿದ್ದಾ ಅಂತ ಅದು ನೋಡಲ್ಲ.

ನಮ್ಮ ಕೇರಿಯಿಂದ ಡಾಂಬರು ರಸ್ತೆಗೆ ಬರಬೇಕಾದ್ರೆ ಊರ ನಡುಬೀದಿ ದಾಟಬೇಕಿತ್ತು. ಹೆಚ್ಚುಕಮ್ಮಿ 300 ಮೀಟರ್. ಸೈಕಲ್ ಇದ್ದವರೇ ಅಲ್ಲಿ ಇಳಿದು ನಡೀಬೇಕು, ಇನ್ನು ಮೋಟಾರು ಗಾಡಿ ಮೇಲೆ ಕೂತು ಹೋಗೋಕೆ ಬಿಡ್ತಾರಾ? ದೊಡ್ಡಪ್ಪ ಬೀದಿ ಬಾಯಲ್ಲಿ ಇಂಜಿನ್ ಆಫ್ ಮಾಡಿ, ಇಳಿದು, ನೂರು ಕೆಜಿ ಮೀರಿದ ಗಾಡಿಯನ್ನು ತಳ್ಳಿಕೊಂಡು ಆ ತುದಿಗೆ ಹೋಗಿ ಕಿಕ್ ಹೊಡೀತಿದ್ದರು. ಇಸ್ತ್ರಿ ಮಾಡಿದ ಬಿಳೀ ಶರ್ಟು ಸ್ಕೂಲಿಗೆ ಹೋಗೋ ಮೊದಲೇ ಬೆವರಲ್ಲಿ ಒದ್ದೆ. ಜಗಲಿ ಮೇಲೆ ಕೂತವರಲ್ಲಿ ಅವರ ಹತ್ರಾನೇ ಅಕ್ಷರ ಕಲಿತವರೂ ಇದ್ದರು.

ಲೆಕ್ಕ ಹಾಕಿ ನೋಡಿದೆ. ಹೋಗ್ತಾ ಬರ್ತಾ ದಿನಕ್ಕೆ 600 ಮೀಟರ್. ಸ್ಕೂಲಿನ ದಿನ ಮಾತ್ರ ಹಿಡಿದರೂ ವರ್ಷಕ್ಕೆ 220 ದಿನ, ಅಲ್ಲಿಗೆ 132 ಕಿಲೋಮೀಟರ್. 1976ರಿಂದ 1984ರವರೆಗೆ ಎಂಟು ವರ್ಷಕ್ಕೆ 1,056 ಕಿಲೋಮೀಟರ್. ಬೆಂಗಳೂರಿಂದ ಮುಂಬೈ ಮುಟ್ಟೋವಷ್ಟು ದೂರ ಒಬ್ಬ ಮೇಷ್ಟ್ರು ತಮ್ಮ ಸ್ವಂತ ಗಾಡಿಯನ್ನು ತಳ್ಳಿದ್ದಾರೆ. ಆ 61482ರಲ್ಲಿ ಇದೂ ಸೇರಿದೆ. 84ರಲ್ಲಿ ಒಂದು ದಿನ ಅವರು ಇಳೀಲಿಲ್ಲ. ಅದರ ಕಥೆ ದೊಡ್ಡದು, ಇನ್ನೊಂದು ಸಲ ಬರೀತೀನಿ.

ಇದು ನಮ್ಮೊಂದು ಊರಿನ ಮಾತಲ್ಲ. ಶುಲ್ಜೆ ಪೇಟೆಂಟ್ ಪಡೆಯೋದಕ್ಕೆ ಒಂದು ವರ್ಷ ಮೊದಲು, 1901ರಲ್ಲಿ, ಹತ್ತು ವರ್ಷದ ಆಸುಪಾಸಿನ ಭೀಮರಾವ್ ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ಸಾತಾರಾದಿಂದ ಅಪ್ಪ ಕೆಲಸದಲ್ಲಿದ್ದ ಊರಿಗೆ ಹೊರಟಿದ್ದರು. ಮಸೂರ್ ಸ್ಟೇಷನ್ನಿನಲ್ಲಿ ಇಳಿದು ನೋಡಿದ್ರೆ ಎತ್ತಿನ ಗಾಡಿಯವರು ಯಾರೂ ಹತ್ತಿಸಿಕೊಳ್ಳೋಕೆ ತಯಾರಿಲ್ಲ. ಕೊನೆಗೆ ಒಬ್ಬ ಒಪ್ಪಿದ: ಬಾಡಿಗೆ ಎರಡರಷ್ಟು, ಗಾಡಿ ಹೊಡೆಯೋದು ಮಕ್ಕಳೇ, ಗಾಡಿಯವನು ಪಕ್ಕದಲ್ಲಿ ನಡೆದು ಬರ್ತಾನೆ. 1929ರಲ್ಲಿ ಅವರು ಬ್ಯಾರಿಸ್ಟರ್ ಆಗಿ, ಸರ್ಕಾರದ ಸಮಿತಿಯ ಸದಸ್ಯರಾಗಿ ಚಾಳೀಸಗಾಂವ್‌ನಲ್ಲಿ ಇಳಿದಾಗಲೂ ಟಾಂಗಾದವರು ಓಡಿಸೋಲ್ಲ ಅಂದರು. ಬಾಬಾಸಾಹೇಬರನ್ನು ನಡೆಸಬಾರದು ಅಂತ ಕೇರಿಯ ಜನ ಟಾಂಗಾ ಮಾತ್ರ ಬಾಡಿಗೆಗೆ ತಂದು, ಯಾವತ್ತೂ ಟಾಂಗಾ ಹೊಡೆಯದ ತಮ್ಮವನೊಬ್ಬನ ಕೈಗೆ ಲಗಾಮು ಕೊಟ್ಟರು. ಸೇತುವೆಯ ಕಲ್ಲುಗಳ ನಡುವೆ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು. ಕುದುರೆ, ಗಾಡಿ ಹೊಳೆಗೆ ಬಿದ್ದವು. ಇದನ್ನೆಲ್ಲ ಅವರೇ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿಟ್ಟಿದ್ದಾರೆ.

ಇದು ಹಳೇ ಕಾಲದ ಮಾತು ಅನ್ನೋರಿಗೆ ಕಾನೂನು ಪುಸ್ತಕ ತೋರಿಸಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯ್ತು, 2016ರ ಜನವರಿ 26ಕ್ಕೆ ಜಾರಿಗೆ ಬಂತು. ಪರಿಶಿಷ್ಟರು ಸಾರ್ವಜನಿಕ ಜಾಗದಲ್ಲಿ ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತೋದನ್ನು, ಓಡಿಸೋದನ್ನು ಅಡ್ಡಿಪಡಿಸಿದ್ರೆ ಅಪರಾಧ ಅಂತ ಅದರಲ್ಲಿ ಹೆಸರು ಹಿಡಿದು ಬರೆದಿದ್ದಾರೆ. ಪಕ್ಕದಲ್ಲೇ ಚಪ್ಪಲಿ, ಹೊಸ ಬಟ್ಟೆ, ಮದುವೆ ಮೆರವಣಿಗೆ, ಕುದುರೆ. ಎಲ್ಲೂ ನಡೆಯದ್ದಕ್ಕೆ ಪಾರ್ಲಿಮೆಂಟು ಸುಮ್ಮನೆ ಕಾನೂನು ಮಾಡುತ್ತಾ?

ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಮೈಸೂರಿನ ಹೆಮ್ಮೆ, ಆ ಟಪಟಪ ಸದ್ದು, ಕಾಲೇಜು ದಿನಗಳು ಅಂತ ಎಲ್ಲರೂ ಖುಷಿಯಾಗಿ ನೆನೀತಾರೆ. ನನಗೂ ಆ ಸದ್ದು ಇಷ್ಟವೇ. ಆದರೆ ಆ ಸದ್ದನ್ನು ಊರ ಬೀದಿಯಲ್ಲಿ ಆಫ್ ಮಾಡಬೇಕಾಗಿದ್ದವರ ನೆನಪನ್ನು ಅಲ್ಲಿ ಯಾರೂ ತೆಗೆಯಲ್ಲ. ನಮ್ಮ ಹಿರಿಯರಲ್ಲಿ ಡೈರಿ ಬರೆದವರು ಕಡಿಮೆ. ದೊಡ್ಡಪ್ಪ ಒಂದು ಪುಟವನ್ನೂ ಬಿಟ್ಟುಹೋಗಿಲ್ಲ. ಇರೋದು ಈ ಐದು ಅಂಕಿ. ಅದನ್ನು ಸೊನ್ನೆ ಮಾಡಿ ನಾನು ಯಾರಿಗೆ ಹೊಸ ಗಾಡಿ ತೋರಿಸಲಿ? ಭಾಯ್‌ಗೆ ಇಷ್ಟೂ ಹೇಳಿದೆ. ಅವರು ಮರುಮಾತಾಡದೆ ಅಂಕಿಗಳ ಮೇಲಿನ ಧೂಳನ್ನಷ್ಟೇ ಒರೆಸಿ ಗಾಜು ಕೂರಿಸಿದರು. ಈಗ ಅದು 61730 ದಾಟಿದೆ.

ನಿಮ್ಮ ಮನೆಗಳಲ್ಲೂ ಅಪ್ಪನದೋ ಮಾವನದೋ ರಾಜದೂತ್, ಬುಲೆಟ್, ಲೂನಾ ಮೂಲೆಯಲ್ಲಿ ನಿಂತಿರಬಹುದು. ಮೀಟರ್ ಬಿಚ್ಚಿಸೋ ಮೊದಲು ಅಂಕಿಗಳ ಫೋಟೋ ತೆಗೆದುಕೊಳ್ಳಿ. ಯಾವ ಬೀದೀಲಿ ಇಳಿದು ತಳ್ತಿದ್ರಿ, ಎಷ್ಟು ವರ್ಷ, ಯಾವತ್ತು ನಿಲ್ಲಿಸಿದ್ರಿ ಅಂತ ಹಿರಿಯರನ್ನು ಕೂರಿಸಿಕೊಂಡು ಕೇಳಿ ಬರೆದಿಟ್ಟುಕೊಳ್ಳಿ. ಮತ್ತೆ ಕೇಬಲ್ಲಿಗೆ ಗ್ರೀಸ್ ಹಚ್ಚುವಾಗ ಕೆಳಗಿನ ಮುಕ್ಕಾಲು ಭಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿ. ಮೇಲಿನ ತುದಿಗೆ ಹಚ್ಚಿದ್ರೆ ಅದು ನಿಧಾನಕ್ಕೆ ಮೀಟರಿನೊಳಕ್ಕೆ ಹತ್ತುತ್ತೆ.