ಅಜ್ಜನ ತಕ್ಕಡಿಗೊಂದು ಮನೆ

ಕಳೆದ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಅಜ್ಜನ ತಕ್ಕಡಿಯ ಪೆಟ್ಟಿಗೆ ತೆರೆದೆ. ಎದೆ ಧಸಕ್ಕೆಂದಿತು. ಇಪ್ಪತ್ತು ವರ್ಷದ ಹಿಂದೆ ನಾನೇ ಮುತುವರ್ಜಿಯಿಂದ ಕತ್ತರಿಸಿ ಒಳಗೆ ಹಾಸಿದ್ದ ಹಳದಿ ಸ್ಪಂಜು ಮುಟ್ಟಿದರೆ ಹುಡಿಹುಡಿಯಾಗುತ್ತಿತ್ತು. ಹಿತ್ತಾಳೆಯ ತಟ್ಟೆಗಳಿಗೆ ಬೆಲ್ಲದ ಪಾಕದಂಥ ಕಂದು ಅಂಟು ಮೆತ್ತಿಕೊಂಡಿತ್ತು. ಉಳಿಸಬೇಕೆಂದು ಮಾಡಿದ್ದೇ ಅದನ್ನು ಕೆಡಿಸಿತ್ತು.

ನಮ್ಮ ಅಜ್ಜ ಗೋಕಾಕ ತಾಲ್ಲೂಕಿನ ಅಂಕಲಗಿಯಲ್ಲಿ ಪತ್ತಾರಿಕೆ ಮಾಡುತ್ತಿದ್ದವರು. ಅವರ ತಕ್ಕಡಿಗೆ ಸಾಗವಾನಿಯ ಒಂದು ಪೆಟ್ಟಿಗೆ ಇತ್ತು. ಮೊಳದುದ್ದವೂ ಇರಲಿಲ್ಲ. ಮುಚ್ಚಳ ತೆಗೆದರೆ ಒಳಗೆಲ್ಲ ಕಟ್ಟಿಗೆಯನ್ನೇ ಕೊರೆದು ಮಾಡಿದ ಗುಳಿಗಳು. ಎರಡು ತಟ್ಟೆ ಒಂದರೊಳಗೊಂದು ಕೂಡಲು ದುಂಡನೆಯ ಗುಳಿ, ದಂಡಿಗೆ ಸಣ್ಣ ಕಾಲುವೆಯಂಥ ಗೆರೆ, ಬೊಟ್ಟುಗಳಿಗೆ ಒಂದರ ಪಕ್ಕ ಒಂದು ಇಳಿಯುತ್ತ ಹೋಗುವ ಚೌಕಗಳು. ಮೂಲೆಯಲ್ಲಿ ಪುಟ್ಟ ಮುಚ್ಚಳವಿದ್ದ ಒಂದು ಗುಳಿ, ಅದರೊಳಗೆ ಗುಲಗಂಜಿ. ಕೆಲಸ ಮುಗಿದಾಗ ಅಜ್ಜ ನನ್ನನ್ನು ಕರೆದು, “ಎಲ್ಲಾರ್ನೂ ಅವರವರ ಮನಿಗೆ ಕಳಸವಾ” ಅನ್ನುತ್ತಿದ್ದರು. ಅವರನ್ನು ಮನೆಗೆ ಕಳಿಸುವುದು ನನಗೆ ಆಟ. ಬೊಟ್ಟು ಬೊಟ್ಟಿಗೆ ತಾಗಿದರೆ ಸವೆಯುತ್ತದೆ, ತಟ್ಟೆ ನುಗ್ಗಿದರೆ ತೂಕ ತಪ್ಪುತ್ತದೆ, ಯಾರದೋ ಮನೆಯ ಬಂಗಾರ ಒಂದು ಗುಂಜಿ ಹೆಚ್ಚುಕಡಿಮೆ ಆಗುತ್ತದೆ ಎಂಬುದು ಎಂಟು ವರ್ಷದ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಆಗಿನ ಲೆಕ್ಕ ನಿಮ್ಮ ಮನೆಯ ಹಿರಿಯರ ಬಾಯಲ್ಲೂ ಕೇಳಿರುತ್ತೀರಿ. ಎಂಟು ಗುಂಜಿಗೆ ಒಂದು ಮಾಸಿ, ಹನ್ನೆರಡು ಮಾಸಿಗೆ ಒಂದು ತೊಲಿ. ಅಂದರೆ ತೊಲಿಗೆ 96 ಗುಂಜಿ, ಈಗಿನ ಲೆಕ್ಕದಲ್ಲಿ 11.66 ಗ್ರಾಮು. ಇವತ್ತು ನಮ್ಮ ಕಡೆಯ ಅಂಗಡಿಯಲ್ಲಿ ತೊಲಿ ಅಂದರೆ ಹತ್ತು ಗ್ರಾಮು. ಹೆಸರು ಉಳಿಯಿತು, ಒಂದೂವರೆ ಗ್ರಾಮಿಗೂ ಮಿಕ್ಕಿ ಬಂಗಾರ ಸದ್ದಿಲ್ಲದೆ ಜಾರಿಹೋಯಿತು.

1956ರಲ್ಲಿ ಹೊಸ ತೂಕ ಅಳತೆಯ ಕಾಯಿದೆ ಬಂತು. ಅದೇ ವರ್ಷ ಬೆಳಗಾವಿ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ಮೆಟ್ರಿಕ್ ತೂಕ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂತು. ಗ್ರಾಮಿನ ಬೊಟ್ಟು ಅಜ್ಜನ ಕೈಗೂ ಬಂತು. ಆದರೆ ಮನೆಗಳು ಹಳೆಯವು! ಒಂದು ಬೊಟ್ಟು ಹಿಡಿಸದು, ಇನ್ನೊಂದು ಗುಳಿಯಲ್ಲಿ ಉರುಳಾಡುವುದು. ಅಜ್ಜ ಪತ್ತಾರರಿಗೆ ಗೊತ್ತಿದ್ದ ಉಪಾಯವನ್ನೇ ಮಾಡಿದರಂತೆ. ಹಳೇ ಗುಳಿಗಳಿಗೆ ಅರಗು ಕಾಯಿಸಿ ಸುರಿದು, ಬಿಸಿ ಇರುವಾಗಲೇ ಎಣ್ಣೆ ಸವರಿದ ಹೊಸ ಬೊಟ್ಟು ಒತ್ತಿದರು. ಆರಿದ ಮೇಲೆ ತೆಗೆದರೆ ಅದರದೇ ಅಚ್ಚು. ಈ ಕಥೆಯನ್ನು ಹೇಳಿದವಳು ಅಜ್ಜಿ. ನಾನು ಕಂಡಾಗ ಆ ಅರಗು ಕರ್ರಗೆ ಹೊಳೆಯುತ್ತಿತ್ತು.

ಹೊಸ ಬೊಟ್ಟಿಗೆ ಕೆಲಸ ಮಾತ್ರ ಹೆಚ್ಚು ದಿನ ಸಿಗಲಿಲ್ಲ. ಚೀನಾ ಯುದ್ಧದ ಬೆನ್ನಿಗೇ 1963ರ ಜನವರಿಯಲ್ಲಿ ಬಂಗಾರ ನಿಯಂತ್ರಣ ಬಂತು. ಆಗ ಅರ್ಥಮಂತ್ರಿ ಮೊರಾರ್ಜಿ ದೇಸಾಯಿ. ಹೊಸ ಆಭರಣ 14 ಕ್ಯಾರೆಟ್ಟಿಗಿಂತ ಶುದ್ಧ ಇರಕೂಡದು. ಇಪ್ಪತ್ನಾಲ್ಕರಲ್ಲಿ ಹದಿನಾಲ್ಕು ಪಾಲು ಬಂಗಾರ, ಉಳಿದ ಹತ್ತು ಪಾಲು ತಾಮ್ರ ಬೆಳ್ಳಿಯಂಥವು. ಮಗಳ ಕೊರಳಿಗೆ ಅದರ ತಾಳಿ ಕಟ್ಟಿಸಲು ಯಾವ ತಾಯಿ ಒಪ್ಪುತ್ತಾಳೆ? ದೇಶದ ತುಂಬ ಪತ್ತಾರರು ಕೆಲಸ ಕಳಕೊಂಡರು. ಅಜ್ಜ ಕೊಡಕ್ಕೆ, ತಂಬಿಗೆಗೆ ಬೆಸುಗೆ ಹಾಕುತ್ತ ಕೂತರು. ನಮ್ಮ ಪಡಸಾಲೆಯಲ್ಲಿ ಪೆಟ್ಟಿಗೆ ತಿಂಗಳುಗಟ್ಟಲೆ ಮುಚ್ಚಿಯೇ ಇತ್ತು. 14 ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಸಡಿಲಾಯಿತು, 1968ರಲ್ಲಿ ಬೇರೆ ಕಾಯಿದೆಯೇ ಬಂತು, ಅದು ರದ್ದಾದದ್ದು 1990ರಲ್ಲಿ. ಅಷ್ಟರಲ್ಲಿ ನಮ್ಮ ಮನೆಯ ಗಂಡುಮಕ್ಕಳು ಬೇರೆ ಬೇರೆ ನೌಕರಿ ಹಿಡಿದಾಗಿತ್ತು.

ಪೆಟ್ಟಿಗೆಗೆ ಗೆದ್ದಲು ಹತ್ತಿತು. ತಕ್ಕಡಿಯನ್ನು ಮೋಡಕಾದವನಿಗೆ ಕಿಲೋ ಲೆಕ್ಕದಲ್ಲಿ ಹಾಕುವ ಮಾತು ಬಂದಾಗ ನಾನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಮಗನ ಕ್ಯಾಮೆರಾದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಖಾಲಿ ಇತ್ತು. ಗಾದಿ ಅಂಗಡಿಯಿಂದ ಸ್ಪಂಜು ತಂದು, ಕತ್ತರಿಯಿಂದ ಕಚಕಚ ಕತ್ತರಿಸಿ ತುಂಬಿದೆ. ಇಲಿ ತಿಂದ ರೊಟ್ಟಿಯಂತಿತ್ತು, ಆದರೂ ಹಿಗ್ಗಿದ್ದೆ.

ಆ ಸ್ಪಂಜು ಪಾಲಿಯುರಿಥೇನ್. ಜರ್ಮನಿಯ ಓಟ್ಟೋ ಬೇಯರ್ ಎಂಬಾತನ ತಂಡ 1937ರಲ್ಲಿ ಈ ವಸ್ತುವಿನ ರಸಾಯನ ಕಂಡುಹಿಡಿಯಿತು. ಗಾದಿಗೆ, ದಿಂಬಿಗೆ ಒಳ್ಳೆಯದೇ. ಆದರೆ ಗಾಳಿ, ಬೆಳಕು, ತೇವಕ್ಕೆ ವರ್ಷ ಕಳೆದಂತೆ ಕಳಚಿ ಅಂಟಾಗುತ್ತದೆ. ವಸ್ತುಸಂಗ್ರಹಾಲಯದವರು ಅದನ್ನು ದೂರವಿಟ್ಟು ಪಾಲಿಎಥಿಲೀನ್ ಫೋಮು ಬಳಸುತ್ತಾರೆ. ಫ್ರಿಜ್ಜಿನ ಜೊತೆ ಬರುತ್ತದಲ್ಲ, ಬೆಳ್ಳಗೆ, ಒತ್ತಿದರೆ ನಿಧಾನ ಮೇಲೇಳುವಂಥದು, ಅದೇ ಜಾತಿ. ನಿಮ್ಮ ಸರ, ಬಳೆಗಳ ಕೆಳಗೆ ಹಳದಿ ಸ್ಪಂಜು ಇದ್ದರೆ ಒಮ್ಮೆ ತೆಗೆದು ನೋಡಿರಿ.

ಪೆಟ್ಟಿಗೆ ಗಟ್ಟಿಯಿದ್ದರೆ ಸಾಲದು ಎನ್ನುವುದಕ್ಕೆ ಹಳೆಯ ಸಾಕ್ಷಿಯೂ ಇದೆ. ಮದರಾಸಿನಿಂದ ದೇಶದ ಅಳತೆ ಶುರುಮಾಡಿದ ಲ್ಯಾಂಬ್ಟನ್, 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ತನ್ನ ಭಾರೀ ಥಿಯೋಡೊಲೈಟ್ ಏರಿಸುವಾಗ ಹಗ್ಗ ಹರಿಯಿತು. ಯಂತ್ರ ಪೆಟ್ಟಿಗೆಯೊಳಗಿದ್ದುಕೊಂಡೇ ಗೋಡೆಗೆ ಬಡಿದು ಸೊಟ್ಟಗಾಯಿತು. ಅದನ್ನು ನೆಟ್ಟಗೆ ಮಾಡಲು ವಾರಗಟ್ಟಲೆ ಹಿಡಿಯಿತಂತೆ.

ಈ ಸಲ ಅವಸರ ಮಾಡಲಿಲ್ಲ. ತಟ್ಟೆಗಳ ಅಂಟನ್ನು ಮೆತ್ತನೆ ಬಟ್ಟೆಯಿಂದ ದಿನಾ ಸ್ವಲ್ಪ ಸ್ವಲ್ಪ ಒರೆಸಿದೆ. ಹುಣಸೆಹಣ್ಣು ಹಾಕಿ ಉಜ್ಜಲಿಲ್ಲ. ಹಾಗೆ ಉಜ್ಜಿದರೆ ತೂಕವೂ ಸವೆಯುತ್ತದೆ. ಒಂದೊಂದನ್ನೂ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಹೆಬ್ಬೆರಳಿನಷ್ಟು ಜಾಗ ಬಿಟ್ಟೆ. ತೆಳು ಗೋಡೆ ನಿಲ್ಲುವುದಿಲ್ಲ. ಗೆರೆಯ ಮೇಲಲ್ಲ, ಗೆರೆಯ ಒಳಗೆ ಕೂದಲಿನಷ್ಟು ಸರಿದು ಕೊಯ್ಯಬೇಕು. ಆಗ ಫೋಮು ವಸ್ತುವನ್ನು ಮೆಲ್ಲಗೆ ಹಿಡಿದುಕೊಳ್ಳುತ್ತದೆ. ಹೊಸ ಬ್ಲೇಡನ್ನು ನೆಟ್ಟಗೆ ಹಿಡಿದು ಒಂದೇ ದಿಕ್ಕಿಗೆ ಎಳೆಯಬೇಕು, ಗರಗಸದಂತೆ ಆಡಿಸಿದರೆ ಕೆಟ್ಟಿತು. ತಳಕ್ಕೆ ಕೊರೆಯದ ಇನ್ನೊಂದು ಹಾಳೆ. ಎತ್ತಿಕೊಳ್ಳಲು ಪ್ರತಿ ಗುಳಿಯ ಪಕ್ಕ ಬೆರಳಿಗೊಂದು ಸಂದು. ಇದು ಅಜ್ಜನ ಪೆಟ್ಟಿಗೆಯಲ್ಲೂ ಇತ್ತೆಂದು ಕೊಯ್ಯುವಾಗ ನೆನಪಾಯಿತು. ಆ ಕಟ್ಟಿಗೆ ಕೊರೆದವನಿಗೆ ಉಳಿ ಬಿಟ್ಟರೆ ಏನಿತ್ತು!

ಎರಡು ಬೊಟ್ಟು ಈಗ ಇಲ್ಲ. ಅವಕ್ಕೂ ಅಂದಾಜಿನ ಮೇಲೆ ಚೌಕ ಕೊಯ್ದಿಟ್ಟಿದ್ದೇನೆ. ಮೂಲೆಯಲ್ಲಿ ಗುಲಗಂಜಿಯ ಗುಳಿಯನ್ನೂ ಮಾಡಿ, ನಾಲ್ಕು ಕಾಳು ಹಾಕಿ, ಮೇಲೆ ಬಿರಡೆಯಂತೆ ಫೋಮಿನ ತುಂಡು ಬಿಗಿದೆ. ಆ ಕಾಳು ವಿಷ. ಮೊಮ್ಮಗಳು ನೋಡಬೇಕೆಂದು ಹಟ ಮಾಡಿದಾಗ ನನ್ನ ತೊಡೆಯ ಮೇಲೆ ಕೂಡಿಸಿಕೊಂಡೇ ತೋರಿಸಿದೆ. ಆಮೇಲೆ ಬೊಟ್ಟುಗಳನ್ನು ಅವಳ ಮುಂದೆ ಹರಡಿದೆ. ಯಾವ ಮನೆ ಯಾರದೆಂದು ಹುಡುಕುತ್ತ ಸಂಜೆಯವರೆಗೂ ಕೂತಿದ್ದಳು.