ಬಳಪದ ಕಲ್ಲಿನ ಜಿಲ್ಲೆ

ನಾವೆಲ್ಲ ಸ್ಲೇಟಿನ ಮೇಲೆ ಅಆಇಈ ತಿದ್ದಿದ ಬಳಪ ನೆನಪಿದೆಯಲ್ಲ? ಉತ್ತರಾಖಂಡದ ಬಾಗೇಶ್ವರ ಜಿಲ್ಲೆಯಲ್ಲಿ ಹೊಲದಡಿಯಲ್ಲೇ ಆ ಕಲ್ಲಿದೆ. ಅಲ್ಲಿಯವರು ಖಡಿಯಾ ಅಂತಾರೆ.

ಹಿಮಾಲಯ ಏಳುವ ಮೊದಲು ಅಲ್ಲಿ ಸಮುದ್ರವಿತ್ತು. ಅದರ ತಳದ ಸುಣ್ಣದ ಕೆಸರಿಗೆ ಮೆಗ್ನೀಸಿಯಂ ಸೇರಿ ಮ್ಯಾಗ್ನೆಸೈಟ್ ಆಯಿತು. ಅದಕ್ಕೆ ಸಿಲಿಕಾ, ಬಿಸಿನೀರು ಕೂಡಿದ ಕಡೆ ಬಳಪದ ಕಲ್ಲು. ಹಾಗಾಗಿ ಎರಡೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಮ್ಯಾಗ್ನೆಸೈಟ್ ಉಕ್ಕಿನ ಕುಲುಮೆಯ ಇಟ್ಟಿಗೆಗೆ ಬೇಕು. ಅದಕ್ಕೆಂದೇ 1971ರಲ್ಲಿ ಅಲ್ಮೋರಾ ಮ್ಯಾಗ್ನೆಸೈಟ್ ಕಂಪನಿ ಹುಟ್ಟಿತು. ಬಳಪದ ಕಲ್ಲು ಪೌಡರ್, ಕಾಗದ, ಪೇಂಟಿಗೆ ಹೋಗುತ್ತದೆ.

ಉಗುರಲ್ಲೇ ಗೀರಬಹುದಾದಷ್ಟು ಮೆತ್ತನೆಯ ಕಲ್ಲು. ಇಳಿಜಾರಿನ ಬುಡ ಅಗೆದರೆ ಮೇಲಿನ ನೆಲ ಕುಸಿಯುತ್ತದೆ. ಕಾಂಡಾ ಸುತ್ತಿನ ಊರುಗಳಲ್ಲಿ ಮನೆಗಳು ಬಿರುಕುಬಿಟ್ಟವು. 2025ರ ಜನವರಿಯಲ್ಲಿ ಹೈಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಅಗೆದದ್ದು ಕೆಳಗಿನ ಹೊಲ, ಬಿರಿದದ್ದು ಮೇಲಿನ ಮನೆಯ ಗೋಡೆ.